ವಿಂಡೋಸ್ 10 ಮುಗಿಯಿತಂತೆ, ಹಳೇ ಕಂಪ್ಯೂಟರ್ ಏನು ಮಾಡೋಣ?

ಡೊಂಬಿವಲಿಯಿಂದ ಮೀರಾ ರೋಡ್‌ವರೆಗೆ ನಮ್ಮವರ ಮನೆಗಳಲ್ಲಿ, ಹೋಟೆಲಿನ ಗಲ್ಲೆಯಲ್ಲಿ, ಕನ್ನಡ ಸಂಘಗಳ ಆಫೀಸಿನಲ್ಲಿ ಇರುವ ಹಳೇ ಕಂಪ್ಯೂಟರುಗಳು ಈಗ ಒಂದೇ ರಾಗ ಹಾಡುತ್ತಿವೆ: ವಿಂಡೋಸ್ 10ಕ್ಕೆ ಸಪೋರ್ಟ್ ಮುಗಿದಿದೆ. ಯಾರನ್ನಾದರೂ ಕೇಳಿದರೆ ಉತ್ತರ ಒಂದೊಂದು ಥರ. ಪಕ್ಕದ ಫ್ಲ್ಯಾಟಿನ ಇಂಜಿನಿಯರಿಂಗ್ ಹುಡುಗ "ಲಿನಕ್ಸ್ ಹಾಕಿಬಿಡಿ ಅಂಕಲ್" ಅನ್ನುತ್ತಾನೆ, ವಿಂಡೋಸ್ ಬದಲಿಗೆ ಹಾಕುವ ಉಚಿತ ಸಿಸ್ಟಮ್ ಅದು. ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಯವನು "ಯೇ ಖತಮ್ ಹೈ ಸೇಠ್, ನಯಾ ಲೇಲೋ" ಅನ್ನುತ್ತಾನೆ. ಆಫೀಸಿನ ಗೆಳೆಯ "ಏನೂ ಆಗಲ್ಲ, ಸುಮ್ನೆ ಇರಿ" ಅನ್ನುತ್ತಾನೆ. ಮೂವರ ಮಾತಿನಲ್ಲೂ ಅಷ್ಟಿಷ್ಟು ನಿಜ ಇದೆ. ಆದರೆ ಮೂವರೂ ನಿಮ್ಮ ಕಂಪ್ಯೂಟರ್ ತೆರೆದು ನೋಡಿಲ್ಲ.

ಗೊಂದಲಕ್ಕೆ ಮುಖ್ಯ ಕಾರಣ, ಎರಡು ಸಂಗತಿಗಳನ್ನು ಒಂದೇ ಗಂಟು ಕಟ್ಟುವುದು. ಕಂಪ್ಯೂಟರ್ ನಿಧಾನ ಆಗಿರುವುದು ಒಂದು. ಸಪೋರ್ಟ್ ಮುಗಿದಿರುವುದು ಇನ್ನೊಂದು. ಎರಡಕ್ಕೂ ಕಾರಣ ಬೇರೆ, ರಿಪೇರಿ ಬೇರೆ, ಖರ್ಚೂ ಬೇರೆ. ಗಂಟು ಬಿಚ್ಚಿ ನೋಡಿದರೆ ಯಾರ ಸಲಹೆ ನಿಮಗೆ ಹೊಂದುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಮುಗಿದದ್ದು ಏನು?

ವಿಂಡೋಸ್ 10 ಬಂದದ್ದು 2015ರ ಜುಲೈ 29ರಂದು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಉಚಿತ ಸಪೋರ್ಟ್ ನಿಲ್ಲಿಸಿತು. ಇದು ಹೊಸ ಪದ್ಧತಿಯೇನಲ್ಲ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಹೀಗೇ ಆಗಿತ್ತು.

ಸಪೋರ್ಟ್ ಅಂದರೆ ಇಲ್ಲಿ ಮುಖ್ಯವಾಗಿ ತಿಂಗಳು ತಿಂಗಳು ಬರುವ ಸೆಕ್ಯುರಿಟಿ ಅಪ್‌ಡೇಟ್. ಅದು ನಿಂತರೆ ಕಂಪ್ಯೂಟರ್ ನಿಲ್ಲುವುದಿಲ್ಲ. ನಿಮ್ಮ ಹೌಸಿಂಗ್ ಸೊಸೈಟಿಯ ವಾಚ್‌ಮನ್ ಕೆಲಸ ಬಿಟ್ಟು ಹೋದ ಅಂದುಕೊಳ್ಳಿ. ಲಿಫ್ಟ್ ಓಡುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ, ಬಾಗಿಲಿನ ಬೀಗವೂ ಹಾಗೇ ಇರುತ್ತದೆ. ಆದರೆ ಹಿಂಭಾಗದ ಗೇಟಿನ ಕೊಂಡಿ ಸಡಿಲ ಆದರೆ ಹೇಳುವವರು, ಸರಿ ಮಾಡಿಸುವವರು ಇಲ್ಲ. ವಿಂಡೋಸ್ 10ರ ಈಗಿನ ಸ್ಥಿತಿ ಅಷ್ಟೇ. ನಿಮ್ಮ ಫೋಟೋ, ಫೈಲು, ಕನ್ನಡ ಟೈಪಿಂಗಿನ ನುಡಿ, ಬರಹ ಸಾಫ್ಟ್‌ವೇರು, ಲೆಕ್ಕದ ಟ್ಯಾಲಿ ಎಲ್ಲ ಇದ್ದಲ್ಲೇ ಇರುತ್ತವೆ. ಬ್ರೌಸರ್ ತೆರೆಯುತ್ತದೆ, ಪ್ರಿಂಟರ್ ಓಡುತ್ತದೆ.

ಅಪ್‌ಡೇಟ್ ಇಲ್ಲದಿದ್ದರೆ ಅಪಾಯ ಎಲ್ಲಿಂದ?

ವಿಂಡೋಸ್‌ನಂಥ ದೊಡ್ಡ ಸಾಫ್ಟ್‌ವೇರಿನಲ್ಲಿ ಬರೆಯುವಾಗಲೇ ಉಳಿದುಹೋದ ತೂತುಗಳು ಇದ್ದೇ ಇರುತ್ತವೆ. ಗೊತ್ತಾದಾಗ ಕಂಪನಿ ತೇಪೆ ಹಾಕುತ್ತದೆ. ಮೈಕ್ರೋಸಾಫ್ಟ್ ಈ ತೇಪೆಗಳನ್ನು ಕಳಿಸುವುದು ಪ್ರತಿ ತಿಂಗಳ ಎರಡನೇ ಮಂಗಳವಾರ, ಅಮೆರಿಕದ ಲೆಕ್ಕದಲ್ಲಿ.

ಇಲ್ಲೊಂದು ಸೂಕ್ಷ್ಮ ಇದೆ. ಹೆಚ್ಚಿನವರ ಗಮನಕ್ಕೆ ಇದು ಬರುವುದೇ ಇಲ್ಲ. ವಿಂಡೋಸ್ 10 ಮತ್ತು 11ರ ಒಳಗಿನ ಕೋಡ್ ಬಹುಪಾಲು ಒಂದೇ ಮೂಲದ್ದು. 11ಕ್ಕೆ ಒಂದು ತೇಪೆ ಬಂತು ಅಂದರೆ, ಅದನ್ನು ಬಿಚ್ಚಿ ನೋಡಿದವರಿಗೆ ತೂತು ಎಲ್ಲಿತ್ತು ಅಂತ ತಿಳಿಯುತ್ತದೆ. ಅದೇ ತೂತು 10ರಲ್ಲೂ ಇದ್ದರೆ, ಅಲ್ಲಿ ಅದು ಹಾಗೇ ತೆರೆದಿರುತ್ತದೆ. ಹಾಗಾಗಿ ಸಪೋರ್ಟ್ ಮುಗಿದ ಮರುದಿನ ಏನೂ ಆಗುವುದಿಲ್ಲ. ಅಪಾಯ ತಿಂಗಳಿಂದ ತಿಂಗಳಿಗೆ ಸೇರುತ್ತಾ ಹೋಗುತ್ತದೆ. "ಇಷ್ಟು ದಿನ ಏನೂ ಆಗಲಿಲ್ಲವಲ್ಲ" ಅನ್ನುವ ಧೈರ್ಯಕ್ಕೆ ಅದಕ್ಕೇ ಅರ್ಥ ಕಡಿಮೆ.

ಮುಂಬೈನವರಿಗೆ ಇದರ ಬಿಸಿ ಒಮ್ಮೆ ಹತ್ತಿರದಲ್ಲೇ ತಟ್ಟಿದೆ. 2017ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಒಂದು ದೊಡ್ಡ ತೂತಿಗೆ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಜಗತ್ತಿನ ತುಂಬ ಇದ್ದರು. ಮೇ 12ರಂದು ಅದೇ ತೂತಿನಿಂದ ವಾನಾಕ್ರೈ ನುಗ್ಗಿತು. ಫೈಲುಗಳಿಗೆಲ್ಲ ಬೀಗ ಜಡಿದು, ಬಿಡಿಸಲು ಹಣ ಕೇಳುವ ಜಾತಿಯ ವೈರಸ್ ಅದು. ಜೂನ್ ಕೊನೆಯಲ್ಲಿ ನಾಟ್‌ಪೆಟ್ಯಾ ಅನ್ನುವ ಇನ್ನೊಂದು ವೈರಸ್ ಬಂತು. ಅದು ಹರಡಲು ಬಳಸಿದ ದಾರಿಗಳಲ್ಲೂ ಈ ತೂತು ಒಂದು. ಆಗ ನವಾ ಶೇವಾದ ಜೆಎನ್‌ಪಿಟಿ ಬಂದರಿನಲ್ಲಿ ಹಡಗು ಕಂಪನಿ ಮೇರ್ಸ್ಕ್ ಸಮೂಹದ ಟರ್ಮಿನಲ್ಲಿನ ಕಂಪ್ಯೂಟರುಗಳು ಕೈಕೊಟ್ಟು, ಕಂಟೇನರುಗಳು ನಿಂತಲ್ಲೇ ನಿಂತವು.

"ಆ್ಯಂಟಿವೈರಸ್ ಇದೆಯಲ್ಲ?" ಅಂತ ಕೇಳುವವರಿದ್ದಾರೆ. ವಿಂಡೋಸ್ 10ರ ಡಿಫೆಂಡರ್‌ಗೆ ಹೊಸ ವೈರಸ್‌ಗಳ ಗುರುತು 2028ರ ಅಕ್ಟೋಬರ್‌ವರೆಗೂ ಬರುತ್ತಿರುತ್ತದೆ. ಒಳ್ಳೆಯದೇ. ಆದರೆ ಆ್ಯಂಟಿವೈರಸ್ ಮಾಡುವುದು ಒಳಗೆ ಬಂದ ಕಳ್ಳನನ್ನು ಹಿಡಿಯುವ ಕೆಲಸ. ತೂತು ಮುಚ್ಚುವುದು ಅಪ್‌ಡೇಟಿನಿಂದ ಮಾತ್ರ.

ನಿಮ್ಮದು ಯಾವ ಕಾಲದ ಯಂತ್ರ?

ವಿಂಡೋಸ್ 11ಕ್ಕೆ ಹೋಗುವುದು ಮೊದಲ ದಾರಿ. ನಿಮ್ಮ ವಿಂಡೋಸ್ 10 ಅಸಲಿ ಆಗಿದ್ದು, ಕಂಪ್ಯೂಟರಿಗೆ ಅರ್ಹತೆ ಇದ್ದರೆ ಇದು ಪೂರ್ತಿ ಉಚಿತ. ಲೈಸೆನ್ಸ್ ನಿಮ್ಮ ಕಂಪ್ಯೂಟರಿನ ಮದರ್‌ಬೋರ್ಡಿಗೇ ಅಂಟಿಕೊಂಡಿರುತ್ತದೆ. ಹಾಗಾಗಿ "11ರ ಕೀ ಬೇರೆ ಕೊಳ್ಳಬೇಕು" ಅಂತ ಯಾರಾದರೂ ಹೇಳಿದರೆ ಜೇಬಿಗೆ ಕೈ ಹಾಕಬೇಡಿ.

ಅರ್ಹತೆ ನೋಡಲು ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಅನ್ನುವ ಉಚಿತ ಪ್ರೋಗ್ರಾಂ ಇದೆ. ಅದಿಲ್ಲದೆಯೂ ಅಂದಾಜು ಸಿಗುತ್ತದೆ. ಸೆಟ್ಟಿಂಗ್ಸ್ ತೆರೆಯಿರಿ, ಸಿಸ್ಟಮ್ ಒಳಗೆ ಹೋಗಿ, ಕೊನೆಯಲ್ಲಿ ಅಬೌಟ್ ಒತ್ತಿ. ಪ್ರೊಸೆಸರ್ ಅನ್ನುವ ಸಾಲು ಕಾಣುತ್ತದೆ. ಇಂಟೆಲ್ ಐ3, ಐ5 ಅಥವಾ ಐ7 ಇದ್ದರೆ ಅದರ ಮುಂದಿನ ಅಂಕಿ ನೋಡಿ. ಐ5-7200ಯು ಅಂದರೆ 7ನೇ ತಲೆಮಾರು. ಐ5-8250ಯು ಅಂದರೆ 8ನೆಯದು. ಅಂಕಿ 1ರಿಂದ ಶುರುವಾದರೆ ಮೊದಲ ಎರಡು ಅಂಕಿ ಸೇರಿಸಿ ಓದಿ: ಐ5-10210ಯು ಅಂದರೆ 10ನೇ ತಲೆಮಾರು. 8 ಮತ್ತು ಅದರ ಮೇಲಿನದಾದರೆ ವಿಂಡೋಸ್ 11 ನಡೆಯುತ್ತದೆ. 7 ಮತ್ತು ಅದರ ಕೆಳಗಿನದಾದರೆ, ಬೆರಳೆಣಿಕೆಯ ಮಾಡೆಲ್ ಬಿಟ್ಟು, ನಡೆಯುವುದಿಲ್ಲ. ಎಎಮ್‌ಡಿ ರೈಜನ್ ಇದ್ದರೆ ಸುಮಾರಾಗಿ 2000ದ ಸರಣಿಯಿಂದ ಮೇಲಕ್ಕೆ ಸರಿ.

ಇದರಿಂದ ಒಂದು ವಿಚಿತ್ರ ಆಗಿದೆ. 2020ರ ಲಾಕ್‌ಡೌನ್‌ನಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸಿಗೆ ಹೊಸ ಲ್ಯಾಪ್‌ಟಾಪ್ ಕೊಂಡವರದ್ದು ಹೆಚ್ಚಾಗಿ 8ನೇ ತಲೆಮಾರಿನ ಮೇಲಿನದು. ಅವರು ಹೆದರಬೇಕಾಗಿಯೇ ಇಲ್ಲ. ಅದೇ ವರ್ಷ ಸೆಕೆಂಡ್‌ಹ್ಯಾಂಡ್ ಆಫೀಸ್ ಲ್ಯಾಪ್‌ಟಾಪ್ ಕೊಂಡವರೂ ಬಹಳ ಇದ್ದಾರಲ್ಲ, ಕಪ್ಪಗೆ, ದಪ್ಪಗೆ ಇರುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್? ಅವು ಗಟ್ಟಿಮುಟ್ಟಾದ ಯಂತ್ರಗಳೇ. ಆದರೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಒಳಗಿರುವುದು ಐ5-6300ಯು ಥರದ 6ನೇ ತಲೆಮಾರಿನ ಪ್ರೊಸೆಸರ್. ಕೊಂಡ ವರ್ಷ ಒಂದೇ ಆದರೂ ಹಣೆಬರಹ ಬೇರೆ. ಅದಕ್ಕೇ "ನಮ್ಮದು ಐದು ವರ್ಷ ಹಳೆಯದು" ಅಂತ ಹೇಳಿ ಸಲಹೆ ಕೇಳಬೇಡಿ. ಪ್ರೊಸೆಸರ್ ನಂಬರ್ ಹೇಳಿ ಕೇಳಿ.

ಟಿಪಿಎಮ್ ಅನ್ನುವ ಕಿರಿಕಿರಿ

ಕೆಲವರಿಗೆ ಪ್ರೊಸೆಸರ್ ಸರಿ ಇದ್ದರೂ "ಟಿಪಿಎಮ್ 2.0 ಇಲ್ಲ" ಅಂತ ಕೆಂಪು ಗುರುತು ಬರುತ್ತದೆ. ಟಿಪಿಎಮ್ ಅಂದರೆ ಪಾಸ್‌ವರ್ಡು, ಎನ್‌ಕ್ರಿಪ್ಷನ್ ಕೀಲಿಗಳನ್ನು ಬೇರೆ ಸಾಫ್ಟ್‌ವೇರಿಗೆ ಸಿಗದ ಹಾಗೆ ಇಟ್ಟುಕೊಳ್ಳುವ ಭಾಗ. ಕೆಲವು ಯಂತ್ರಗಳಲ್ಲಿ ಅದು ಬೇರೆ ಚಿಪ್ಪು, ಕೆಲವದರಲ್ಲಿ ಪ್ರೊಸೆಸರಿನ ಒಳಗೇ ಇರುತ್ತದೆ.

ಈ ತಕರಾರು ಜಾಸ್ತಿ ಬರುವುದು ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪುಗಳಲ್ಲಿ. ಟಿಪಿಎಮ್ ಇರುತ್ತದೆ, ಬಯೋಸ್ ಒಳಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್‌ನಲ್ಲಿ, ಆಫ್ ಆಗಿರುತ್ತದೆ ಅಷ್ಟೇ. ಇಂಟೆಲ್ ಬೋರ್ಡಿನಲ್ಲಿ ಅದರ ಹೆಸರು ಪಿಟಿಟಿ, ಎಎಮ್‌ಡಿ ಬೋರ್ಡಿನಲ್ಲಿ ಎಫ್‌ಟಿಪಿಎಮ್. ಆನ್ ಮಾಡಿದರೆ ಕೆಲಸ ಮುಗಿಯಿತು. ಬಿಡಿಭಾಗ ಕೊಳ್ಳಬೇಕಿಲ್ಲ. ಆದರೆ ಬಯೋಸ್ ಮುಟ್ಟುವ ಮೊದಲು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ಅಂತ ನೋಡಿಕೊಳ್ಳಿ. ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಅದಿಲ್ಲದೆ ಬಯೋಸ್ ಬದಲಿಸಿ, ಕೀ ಕೇಳುವ ನೀಲಿ ಪರದೆ ಮುಂದೆ ಕೂತು ತಲೆ ಚಚ್ಚಿಕೊಳ್ಳುವ ಪಾಡು ಯಾರಿಗೂ ಬೇಡ.

ಇನ್ನೊಂದು ಮಾತು. 10ರಿಂದ 11ಕ್ಕೆ ಹೋಗಲು "ಫಾರ್ಮ್ಯಾಟ್ ಮಾರ್ನಾ ಪಡೇಗಾ" ಅನ್ನುವುದು ಅಂಗಡಿಯ ಮಾಮೂಲು ಮಾತು. ಸಾಮಾನ್ಯವಾಗಿ ಬೇಕಿಲ್ಲ. ಅಪ್‌ಡೇಟ್ ಮೂಲಕ ಹೋದರೆ ಫೈಲೂ ಪ್ರೋಗ್ರಾಮೂ ಇದ್ದ ಹಾಗೇ ಇರುತ್ತವೆ. ನಿಮ್ಮದು 32 ಬಿಟ್ ವಿಂಡೋಸ್ 10 ಆಗಿದ್ದರೆ ಮಾತ್ರ ಹೊಸದಾಗಿಯೇ ಹಾಕಬೇಕು, ಯಾಕೆಂದರೆ ವಿಂಡೋಸ್ 11 ಇರುವುದೇ 64 ಬಿಟ್‌ನಲ್ಲಿ. ಹಾಗಂತ ಬ್ಯಾಕಪ್ ಇಲ್ಲದೆ ಯಾವುದಕ್ಕೂ ಕೈ ಹಾಕಬೇಡಿ. ಸಂಘದ ಸ್ಮರಣಸಂಚಿಕೆಗಳನ್ನು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟವರು ಫೈಲಿನ ಜೊತೆಗೆ ಆ ಫಾಂಟುಗಳನ್ನೂ ನಕಲು ಮಾಡಿಟ್ಟುಕೊಳ್ಳಿ. ಫಾಂಟ್ ಹೋದರೆ ಕನ್ನಡದ ಪುಟ ತುಂಬ ಗೀಚುಗಳು ಕಾಣುತ್ತವೆ.

11 ಆಗದಿದ್ದರೆ ಏನು ದಾರಿ?

ಸಮಯ ಕೊಳ್ಳುವುದು ಒಂದು. ಮೈಕ್ರೋಸಾಫ್ಟ್ ಇಎಸ್‌ಯು ಅನ್ನುವ ಹೆಸರಿನಲ್ಲಿ, ಮನೆಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಮುಂದುವರಿಸುವುದಾಗಿ ಹೇಳಿತು. ಹೊಸ ಸೌಲಭ್ಯ ಬರುವುದಿಲ್ಲ, ತೇಪೆ ಮಾತ್ರ. ನಿಮ್ಮದು 22ಎಚ್2 ಆವೃತ್ತಿ ಆಗಿರಬೇಕು, ಅದು ಕೂಡ ಅದೇ ಅಬೌಟ್ ಪುಟದಲ್ಲಿ ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದರೆ ಎನ್‌ರೋಲ್ ಅನ್ನುವ ಕೊಂಡಿ ಸಿಗುತ್ತದೆ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದರೆ ಉಚಿತ. ಬ್ಯಾಕಪ್ ಬೇಡ ಅನ್ನುವವರಿಗೆ 30 ಡಾಲರ್ ಕಟ್ಟುವ ದಾರಿ ಇಟ್ಟಿದ್ದಾರೆ. ಎರಡು ನಿಮಿಷದ ಕೆಲಸ. ಇದಕ್ಕೆ ಅಂಗಡಿಗೆ ದುಡ್ಡು ಕೊಡುವ ಅಗತ್ಯ ಇಲ್ಲ.

ಪಕ್ಕದ ಮನೆ ಹುಡುಗ ಹೇಳಿದ ಲಿನಕ್ಸ್ ಎರಡನೆಯದು. ಲಿನಕ್ಸ್ ಮಿಂಟ್ ಥರದ್ದು ಉಚಿತ, ಹಳೇ ಯಂತ್ರದಲ್ಲೂ ಚೆನ್ನಾಗಿ ಓಡುತ್ತದೆ, ಅಪ್‌ಡೇಟೂ ಬರುತ್ತಿರುತ್ತದೆ. ಯೂಟ್ಯೂಬ್, ಮೇಲ್, ಪತ್ರ ಬರೆಯುವುದು, ನೆಟ್‌ಬ್ಯಾಂಕಿಂಗ್ ಇಷ್ಟೇ ಆದರೆ ಸಾಕೇ ಸಾಕು. ಕನ್ನಡ ಟೈಪಿಂಗಿನ ಚಿಂತೆಯೂ ಬೇಡ, ನುಡಿಯಲ್ಲಿ ಕೈ ಪಳಗಿದವರಿಗೆ ಕಗಪ ಕೀಲಿಮಣೆ ಅದರಲ್ಲೇ ಇದೆ. ಆದರೆ ಹೋಟೆಲಿನ ಬಿಲ್ಲಿಂಗ್ ಸಾಫ್ಟ್‌ವೇರ್, ಅಡುಗೆಮನೆಗೆ ಆರ್ಡರ್ ಕಳಿಸುವ ಥರ್ಮಲ್ ಪ್ರಿಂಟರ್, ಜಿಎಸ್‌ಟಿಗೆ ಬಳಸುವ ಡಿಜಿಟಲ್ ಸಿಗ್ನೇಚರ್ ಟೋಕನ್ ಇವೆಲ್ಲ ಹೆಚ್ಚಾಗಿ ವಿಂಡೋಸ್ ನಂಬಿಕೊಂಡೇ ಬಂದಿರುತ್ತವೆ. ಗಲ್ಲೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕುವ ಮುನ್ನ ಬಿಲ್ಲಿಂಗ್‌ನವರನ್ನು ಕೇಳಲೇಬೇಕು. ಶನಿವಾರ ರಾತ್ರಿ ಎಂಟು ಗಂಟೆಗೆ ಕೆಓಟಿ, ಅಂದರೆ ಅಡುಗೆಮನೆಯ ಆರ್ಡರ್ ಚೀಟಿ, ಪ್ರಿಂಟ್ ಬರದಿದ್ದರೆ ಯಾವ ಹುಡುಗನೂ ಓಡಿ ಬರುವುದಿಲ್ಲ.

ಮೂರನೆಯದು ಅಡ್ಡದಾರಿ. ಅರ್ಹತೆ ಇಲ್ಲದ ಯಂತ್ರಕ್ಕೂ ತಪಾಸಣೆ ತಪ್ಪಿಸಿ 11 ಹಾಕಿಕೊಡುವವರಿದ್ದಾರೆ. ಓಡುತ್ತದೆ, ಸುಳ್ಳಲ್ಲ. ಆದರೆ ಇಂಥ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಖಾತರಿ ಇಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ಅಪ್‌ಡೇಟ್ ಸಿಗಲಿ ಅಂತಲೇ ಅಲ್ವಾ ನಾವು 11ಕ್ಕೆ ಹೊರಟದ್ದು?

ಬಿಲ್ ಬರೆಯಲು ಮಾತ್ರ ಬಳಸುವ, ಇಂಟರ್‌ನೆಟ್ ಬೇಡದ ಕಂಪ್ಯೂಟರ್ ಇದ್ದರೆ ವೈಫೈ ಕಿತ್ತು ಹಾಗೇ ಓಡಿಸಬಹುದು. ಆಗ ಪೆನ್‌ಡ್ರೈವ್ ಚುಚ್ಚುವುದರಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ.

ನಿಧಾನ ಆಗಿರುವುದು ಬೇರೆಯೇ ಕಥೆ

ಈಗ ಗಂಟಿನ ಇನ್ನೊಂದು ಎಳೆ. ಆನ್ ಮಾಡಿ ಚಹಾ ಕುಡಿದು ಬಂದರೂ ಡೆಸ್ಕ್‌ಟಾಪ್ ಬಂದಿರುವುದಿಲ್ಲ ಅನ್ನುವ ದೂರು. ಇದಕ್ಕೂ ಸಪೋರ್ಟ್ ಮುಗಿದಿದ್ದಕ್ಕೂ ಸಂಬಂಧ ಇಲ್ಲ. 2025ರ ಅಕ್ಟೋಬರ್ 13ರಂದು ಹೇಗಿತ್ತೋ 15ರಂದೂ ಹಾಗೇ ಇತ್ತು.

ಕಾರಣ ಹುಡುಕುವುದು ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಡಿಸ್ಕ್ ಎದುರು ಎಚ್‌ಡಿಡಿ ಅಂತ ಬರೆದು, ಕಂಪ್ಯೂಟರ್ ಶುರುವಾದ ಮೇಲೆ ಬಹಳ ಹೊತ್ತು ಅದು 100 ಶೇಕಡಾದಲ್ಲೇ ನಿಂತಿದ್ದರೆ ಕಳ್ಳ ಸಿಕ್ಕಿದ ಹಾಗೆ. ಎಚ್‌ಡಿಡಿ ಅಂದರೆ ಒಳಗೆ ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕ್. ಲ್ಯಾಪ್‌ಟಾಪಿನಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ಹಾಕುತ್ತದೆ. ಸಣ್ಣ ಸಣ್ಣ ಫೈಲುಗಳಿಗಾಗಿ ಅದರ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಎಲ್ಲ ಚಿಪ್ಪು. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಅದೇ ಹಳೇ ಲ್ಯಾಪ್‌ಟಾಪ್ ಗುರುತು ಸಿಗದಷ್ಟು ಚುರುಕಾಗುತ್ತದೆ. ಹಳೇ ಕಂಪ್ಯೂಟರಿಗೆ ಮಾಡಿಸುವ ರಿಪೇರಿಗಳಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಫಲ ಕೊಡುವುದು ಇನ್ನೊಂದಿಲ್ಲ ಅಂತ ನನ್ನ ಲೆಕ್ಕ.

ಅದೇ ಪುಟದಲ್ಲಿ ಮೆಮೊರಿ ತುಂಬಿ ತುಳುಕುತ್ತಿದ್ದರೆ ರ‍್ಯಾಮ್ ಸಾಲದು ಅಂತ ಅರ್ಥ. 4 ಜಿಬಿಯಲ್ಲಿ ಕ್ರೋಮ್‌ನ ಹತ್ತು ಟ್ಯಾಬ್ ತೆರೆದರೆ ಉಸಿರು ಕಟ್ಟುವುದು ಸಹಜ. ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತಾರೆ, ಹೆಚ್ಚಿಸಲು ಆಗುವುದಿಲ್ಲ, ಮೊದಲೇ ವಿಚಾರಿಸಿ. 2025ರ ಕೊನೆಯಿಂದ ಮೆಮೊರಿ ಚಿಪ್ಪುಗಳು ಎಐ ಡೇಟಾ ಸೆಂಟರುಗಳ ಕಡೆ ಹರಿದು ರ‍್ಯಾಮ್, ಎಸ್‌ಎಸ್‌ಡಿ ಎರಡರ ದರವೂ ಏರಿತು. ಹಾಗಾಗಿ ಗೆಳೆಯ ಎರಡು ವರ್ಷದ ಹಿಂದೆ ಕೊಟ್ಟ ಬೆಲೆ ಹೇಳಿ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲಬೇಡಿ. ಎರಡು ಕಡೆ ಕೇಳಿ, ಅಷ್ಟೇ.

ಫ್ಯಾನ್ ಜೋರಾಗಿ ಕೂಗುತ್ತಿದ್ದರೆ ಧೂಳು ತೆಗೆಸಿ. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ ಮಾತ್ರ ಅದು ತಮಾಷೆಯಲ್ಲ. ಒಳಗೆ ಬ್ಯಾಟರಿ ಊದಿಕೊಂಡಿರುತ್ತದೆ. ಚಾರ್ಜ್ ಹಾಕುವುದು ಆವತ್ತೇ ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಬಹುದು.

ಗ್ರ್ಯಾಂಟ್ ರೋಡಿನಲ್ಲಿ ಇಳಿಯುವ ಮೊದಲು

ಲ್ಯಾಮಿಂಗ್ಟನ್ ರೋಡಿನ ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗ. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಿಂದ ನಡೆಯುವಷ್ಟು ದೂರ. ಪುಣೆಯವರಿಗೆ ಬುಧವಾರ ಪೇಟೆಯ ತಪ್ಕೀರ್ ಗಲ್ಲಿ ಇದೆ. ಭಾನುವಾರ ಹೋದರೆ ಹೆಚ್ಚಿನ ಶಟರ್ ಮುಚ್ಚಿರುತ್ತವೆ.

ಅಲ್ಲಿ "ಲ್ಯಾಪ್‌ಟಾಪ್ ಸ್ಲೋ ಆಗಿದೆ, ಏನು ಮಾಡೋಣ?" ಅಂತ ಕೇಳಿದರೆ ಅವರಿಗೆ ಲಾಭ ಇರುವ ಉತ್ತರ ಸಿಗುತ್ತದೆ. ಅವರದ್ದು ವ್ಯಾಪಾರ, ತಪ್ಪಿಲ್ಲ. "ಐ5-8250ಯು, 8 ಜಿಬಿ ರ‍್ಯಾಮ್, ಎಚ್‌ಡಿಡಿ ಇದೆ. ಎಸ್‌ಎಸ್‌ಡಿ ಹಾಕಿ ಕ್ಲೋನ್ ಮಾಡಿಕೊಡಲು ಎಷ್ಟು?" ಅಂತ ಕೇಳಿದರೆ ಮಾತಿನ ದಾಟಿಯೇ ಬದಲಾಗುತ್ತದೆ. ಕ್ಲೋನ್ ಅಂದರೆ ಹಳೇ ಡಿಸ್ಕಿನಲ್ಲಿ ಇದ್ದುದನ್ನೆಲ್ಲ ಹೊಸದಕ್ಕೆ ಇದ್ದ ಹಾಗೇ ಇಳಿಸುವುದು. ಲ್ಯಾಪ್‌ಟಾಪಿನ ತಳದಲ್ಲಿರುವ ಮಾಡೆಲ್ ನಂಬರಿನ ಫೋಟೋ ಫೋನಿನಲ್ಲಿ ಇರಲಿ, ಯಾವ ಅಳತೆಯ ಎಸ್‌ಎಸ್‌ಡಿ ಕೂರುತ್ತದೆ ಅಂತ ಹೇಳಲು ಅವರಿಗೂ ಅದೇ ಬೇಕು.

ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಬಿಲ್ ಇಲ್ಲದಿದ್ದರೆ ವಾರಂಟಿ ಕೇಳಲು ಹೋದಾಗ ಕೈಯಲ್ಲಿ ಏನೂ ಇರುವುದಿಲ್ಲ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ತೆಗೆದ ಹಳೇ ಹಾರ್ಡ್‌ಡಿಸ್ಕನ್ನು ಮರೆಯದೆ ವಾಪಸ್ ತೆಗೆದುಕೊಳ್ಳಿ. ಅದರಲ್ಲಿ ನಿಮ್ಮ ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಕೂತಿರುತ್ತದೆ.

ಕರೆಯದೇ ಬರುವ ಸಲಹೆ

ಸಪೋರ್ಟ್ ಮುಗಿದ ಸುದ್ದಿ ಮೋಸಗಾರರಿಗೂ ತಲುಪಿದೆ. ವೆಬ್ ನೋಡುತ್ತಿದ್ದಾಗ ಪರದೆ ತುಂಬ ಕೆಂಪು ಎಚ್ಚರಿಕೆ, ಕಿವಿ ಒಡೆಯುವ ಸೈರನ್, ಕೆಳಗೆ "ತಕ್ಷಣ ಕರೆ ಮಾಡಿ" ಅಂತ ಒಂದು ನಂಬರ್. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಪರದೆಯ ಮೇಲಿರುವುದು ಒಂದು ವೆಬ್ ಪುಟ, ಅಷ್ಟೇ. ಮುಚ್ಚಲು ಬಿಡದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನೇ ಮುಚ್ಚಿ. ಫೋನ್ ಮಾಡಿ "ಎನಿಡೆಸ್ಕ್ ಹಾಕಿಕೊಳ್ಳಿ, ನಾವೇ ಅಪ್‌ಡೇಟ್ ಮಾಡ್ತೇವೆ" ಅನ್ನುವವರಿಗೂ ಇದೇ ಉತ್ತರ: ಕಟ್ ಮಾಡಿ. ಎನಿಡೆಸ್ಕ್ ಅಂದರೆ ದೂರದಿಂದಲೇ ನಿಮ್ಮ ಕಂಪ್ಯೂಟರ್ ಓಡಿಸಲು ಬಿಡುವ ಸಾಫ್ಟ್‌ವೇರ್. ದುಡ್ಡು ಹೋಗಿದ್ದರೆ ಬ್ಯಾಂಕಿಗೆ ಹೇಳಿ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಕೊನೆಗೂ ಹೊಸದೇ ಬೇಕಾದರೆ

6ನೇ ತಲೆಮಾರಿನ ಯಂತ್ರ, ರ‍್ಯಾಮ್ ಹೆಚ್ಚಿಸಲಾಗದು, ಬ್ಯಾಟರಿ ಸತ್ತಿದೆ, ಕೆಲಸಕ್ಕೆ ವಿಂಡೋಸೇ ಬೇಕು. ಇವೆಲ್ಲ ಒಟ್ಟಿಗೆ ಬಂದಿದ್ದರೆ ಅಂಗಡಿಯವನ ಮಾತೇ ಸರಿ. ಸೆಕೆಂಡ್‌ಹ್ಯಾಂಡ್ ನೋಡುವುದಾದರೆ ಮೊದಲು ಕೇಳಬೇಕಾದದ್ದು ಪ್ರೊಸೆಸರ್ ತಲೆಮಾರು, ಆಮೇಲೆ ಬೆಲೆ.

ಹಳೆಯದನ್ನು ಭಂಗಾರ್‌ವಾಲಾನ ಚೀಲಕ್ಕೆ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಇಂಥ ಸಾಮಾನು ಹೋಗಬೇಕಾದದ್ದು ನೋಂದಾಯಿತ ಮರುಬಳಕೆದಾರರ ಕೈಗೆ. ಕೊಡುವ ಮುನ್ನ ಫೈಲ್ ಡಿಲೀಟ್ ಮಾಡಿ ರಿಸೈಕಲ್ ಬಿನ್ ಖಾಲಿ ಮಾಡಿದರೆ ಸಾಲದು, ಅವನ್ನು ವಾಪಸ್ ಎತ್ತುವ ಸಾಫ್ಟ್‌ವೇರ್ ಉಚಿತವಾಗೇ ಸಿಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ರೀಸೆಟ್ ದಿಸ್ ಪಿಸಿ ತೆರೆದು, ಎಲ್ಲ ತೆಗೆಯುವ ಆಯ್ಕೆಯ ಜೊತೆ ಕ್ಲೀನ್ ಡೇಟಾ ಅನ್ನುವುದನ್ನೂ ಆನ್ ಮಾಡಿ. ಹಾರ್ಡ್‌ಡಿಸ್ಕ್ ದೊಡ್ಡದಿದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಚಾರ್ಜರ್ ಚುಚ್ಚಿ ರಾತ್ರಿ ಬಿಟ್ಟು ಮಲಗಿ. ಬ್ಯಾಟರಿ ಊದಿದ ಯಂತ್ರವಾದರೆ ಮಾತ್ರ ಇದನ್ನು ಮಾಡಬೇಡಿ, ಡಿಸ್ಕ್ ಬಿಚ್ಚಿಸಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.